ತರ್ಕದ ಬುಡ, ವಿಜ್ಞಾನದ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮಾತನ್ನು ಏಕೆ ನಂಬಬೇಕು ಎಂದು ಕೇಳುತ್ತಾ ಹೋದವರು ಬೇಗನೆ ಎರಡು ಪ್ರಶ್ನೆಗಳ ಮುಂದೆ ಬಂದು ನಿಲ್ಲುತ್ತಾರೆ. ಈ ಮಾತಿನಿಂದ ಆ ಮಾತಿಗೆ ದಾಟಿದ್ದು ಸರಿಯೇ? ಹೊರಟ ಮಾತಾದರೂ ಸರಿಯೇ? ಮೊದಲನೆಯದನ್ನು ತರ್ಕಶಾಸ್ತ್ರ ನೋಡಿಕೊಳ್ಳುತ್ತದೆ. ಎರಡನೆಯದಕ್ಕೆ ತರ್ಕದ ಕೈಯಲ್ಲಿ ಉತ್ತರವಿಲ್ಲ, ಲೋಕವನ್ನೇ ಕೇಳಬೇಕು. ಆದರೆ ನಮಗೆ ಬೇಕಾದ ಉತ್ತರವನ್ನೇ ಲೋಕದ ಬಾಯಿಂದ ಹೇಳಿಸುವ ಅಭ್ಯಾಸ ನಮಗಿದೆ. ಆ ಅಭ್ಯಾಸಕ್ಕೆ ಕಡಿವಾಣ ಹಾಕಲು ಮನುಷ್ಯರು ಕಂಡುಕೊಂಡ ಶಿಸ್ತಿಗೆ ವಿಜ್ಞಾನದ ವಿಧಾನ ಎಂಬ ಹೆಸರು. ಇಲ್ಲಿರುವ ಪ್ರಶ್ನೆಗಳೆಲ್ಲ ಈ ಎರಡರ ಸುತ್ತಲೇ ಸುತ್ತುತ್ತವೆ.

ತರ್ಕಶಾಸ್ತ್ರ ಎಂದರೆ ವಾದದಲ್ಲಿ ಗೆಲ್ಲುವ ವಿದ್ಯೆಯೇ?

ಖಂಡಿತ ಅಲ್ಲ. ಗೌತಮ ಮುನಿಯ ನ್ಯಾಯಸೂತ್ರ (ನ್ಯಾಯ ಎಂಬ ಭಾರತೀಯ ತರ್ಕಪರಂಪರೆಯ ಮೂಲಗ್ರಂಥ) ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಿಜ ಏನೆಂದು ತಿಳಿಯಲು ಇಬ್ಬರೂ ಕೂಡಿ ನಡೆಸುವುದು ವಾದ. ಎದುರಾಳಿಯ ಪದಗಳ ಅರ್ಥವನ್ನು ತಿರುಚಿಯಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೆಂಬ ನಿಲುವನ್ನೇ ಮುಂದಿಡದೆ ಎದುರಿನವರ ಮಾತನ್ನು ಮುರಿಯುತ್ತಾ ಹೋಗುವುದು ವಿತಂಡ. ಈ ಮೂರರಲ್ಲಿ ಬೈಗುಳವಾಗಿ ನಮ್ಮ ದಿನಬಳಕೆಗೆ ಇಳಿದದ್ದು ವಿತಂಡ ಮಾತ್ರ. ಜಲ್ಪ ಎಂಬ ಪದವನ್ನು ಮರೆತೆವು, ಜಲ್ಪವನ್ನೇ ವಾದ ಎಂದು ಕರೆಯತೊಡಗಿದೆವು. ಇದು ದೊಡ್ಡ ನಷ್ಟ ಎಂದೇ ನನ್ನ ಭಾವನೆ, ಏಕೆಂದರೆ ಹೆಸರಿಲ್ಲದ ದೋಷವನ್ನು ಗುರುತಿಸುವುದು ಕಷ್ಟ.

ತರ್ಕ ಸರಿಯಿದ್ದೂ ತೀರ್ಮಾನ ತಪ್ಪಾಗುವುದು ಹೇಗೆ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಾಗೆ ಹೇಳಿದವರನ್ನು ಕಂಡು ನಗುತ್ತೇವೆ, ಆದರೆ ಅವರ ತರ್ಕದಲ್ಲಿ ದೋಷವಿಲ್ಲ. ಈದದ್ದು ನಿಜವಾದರೆ ಕರು ಇರಲೇಬೇಕು, ಕರು ಇದ್ದರೆ ಕಟ್ಟಬೇಕು. ಎಡವಿದ್ದು ಎಲ್ಲಕ್ಕಿಂತ ಮೊದಲಿನ ಮಾತಿನಲ್ಲಿ, ಅದನ್ನು ಪರೀಕ್ಷಿಸದೆ ಒಪ್ಪಿಕೊಂಡದ್ದರಲ್ಲಿ.

ಆಧಾರವಾಕ್ಯಗಳು ಸತ್ಯವಾಗಿದ್ದು ತೀರ್ಮಾನ ಮಾತ್ರ ಸುಳ್ಳಾಗುವುದು ಅಸಾಧ್ಯವಾದರೆ ಆ ಯುಕ್ತಿಯನ್ನು, ಅಂದರೆ ಆಧಾರದಿಂದ ತೀರ್ಮಾನಕ್ಕೆ ದಾಟುವ ಬಗೆಯನ್ನು, ಸಿಂಧು ಎನ್ನುತ್ತಾರೆ. ಆಧಾರವಾಕ್ಯಗಳು ನಿಜಕ್ಕೂ ಸತ್ಯವೇ ಎಂಬುದು ಬೇರೆಯೇ ವಿಚಾರ. ತಿರುಗುಮುರುಗಾಗಿಯೂ ಆಗುತ್ತದೆ: ‘ಬೆಕ್ಕಿನ ಕುಟುಂಬದ ಪ್ರಾಣಿಗಳೆಲ್ಲ ಸಸ್ತನಿಗಳು, ಹುಲಿಯೂ ಸಸ್ತನಿ, ಆದ್ದರಿಂದ ಹುಲಿ ಬೆಕ್ಕಿನ ಕುಟುಂಬಕ್ಕೆ ಸೇರಿದ್ದು.’ ಮೂರು ಮಾತೂ ನಿಜ, ಯುಕ್ತಿ ಮಾತ್ರ ಕೆಟ್ಟದ್ದು. ಹುಲಿ ಇದ್ದ ಜಾಗದಲ್ಲಿ ಆನೆಯನ್ನು ಇಟ್ಟು ಓದಿದರೆ ಗೊತ್ತಾಗುತ್ತದೆ. ಹೀಗೆ ಪದಗಳನ್ನು ಬದಲಿಸಿ ಯುಕ್ತಿಯ ಆಕಾರವನ್ನು ಮಾತ್ರ ನೋಡಬಹುದು ಎಂಬುದು ಅರಿಸ್ಟಾಟಲ್‌ನಿಂದ ಬಂದ ಬಹು ದೊಡ್ಡ ಕೊಡುಗೆ.

‘ಅನುಮಾನ’ ಎಂದರೆ ಸಂಶಯ ತಾನೇ? ಶಾಸ್ತ್ರದಲ್ಲಿ ಅದನ್ನು ಜ್ಞಾನದ ಸಾಧನ ಎಂದು ಏಕೆ ಕರೆಯುತ್ತಾರೆ?

ಇಂದಿನ ಕನ್ನಡದಲ್ಲಿ ‘ನನಗೆ ಅನುಮಾನ’ ಎಂದರೆ ಸಂಶಯವೇ. ನ್ಯಾಯಶಾಸ್ತ್ರದಲ್ಲಿ ಮಾತ್ರ ಅನುಮಾನ ಎಂದರೆ ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವುದು. ಒಂದೇ ಪದಕ್ಕೆ ಇಷ್ಟು ವಿರುದ್ಧವಾದ ಎರಡು ಅರ್ಥ ಬಂದದ್ದು ಹಳೆಯ ಗ್ರಂಥಗಳನ್ನು ಹೊಸದಾಗಿ ಓದುವವರಿಗೆ ತೊಡಕಾಗಿದೆ, ಆದರೆ ಆ ತೊಡಕಿನಲ್ಲಿಯೇ ಒಂದು ಪಾಠವೂ ಇದೆ. ಕಾಣದ್ದರ ಬಗ್ಗೆ ಹೇಳುವ ಯಾವ ಮಾತಿಗೂ ಸಂಶಯ ಬೆನ್ನುಹತ್ತಿಯೇ ಬರುತ್ತದೆ.

ಹೆಸರಾದ ಉದಾಹರಣೆ ಬೆಟ್ಟದ್ದು. ಬೆಟ್ಟದಲ್ಲಿ ಬೆಂಕಿಯಿದೆ (ಪ್ರತಿಜ್ಞೆ). ಏಕೆಂದರೆ ಅಲ್ಲಿ ಹೊಗೆಯಿದೆ (ಹೇತು). ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವ ಹಾಗೆ (ಉದಾಹರಣೆ). ಈ ಬೆಟ್ಟದಲ್ಲೂ ಅಂಥ ಹೊಗೆಯೇ ಇದೆ (ಉಪನಯ). ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ (ನಿಗಮನ). ಅರಿಸ್ಟಾಟಲ್‌ನ ಮೂರು ವಾಕ್ಯಗಳಿಗೆ ಹೋಲಿಸಿದರೆ ಇಲ್ಲಿ ಐದು ಏಕೆ, ಎರಡು ಅನವಶ್ಯಕವಲ್ಲವೇ ಎಂದು ಕೇಳುವವರಿದ್ದಾರೆ. ಎಣಿಕೆಗಿಂತ ಮುಖ್ಯವಾದದ್ದು ಮೂರನೆಯ ಅವಯವ, ಅಂದರೆ ಉದಾಹರಣೆಯ ವಾಕ್ಯ. ‘ಎಲ್ಲ’ ಎಂಬ ದೊಡ್ಡ ಮಾತನ್ನು ಆಡಿದ ಉಸಿರಿನಲ್ಲೇ, ಆ ಮಾತು ಎಲ್ಲಿಂದ ಬಂತು ಎಂಬುದಕ್ಕೆ ಕಣ್ಣಾರೆ ಕಂಡ ಒಂದು ಸ್ಥಳವನ್ನು ತೋರಿಸಬೇಕು. ಎದುರು ಸಾಕ್ಷಿಯಾಗಿ ಸರೋವರವನ್ನೂ ತೋರಿಸುತ್ತಾರೆ: ಅಲ್ಲಿ ಬೆಂಕಿಯಿಲ್ಲ, ಹೊಗೆಯೂ ಇಲ್ಲ.

ಹೇತು (ಹೊಗೆ) ಮತ್ತು ಸಾಧಿಸಬೇಕಾದ ಸಾಧ್ಯದ (ಬೆಂಕಿ) ನಡುವಿನ ಈ ತಪ್ಪದ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. ನೈಯಾಯಿಕರ, ಅಂದರೆ ನ್ಯಾಯಪರಂಪರೆಯ ಪಂಡಿತರ, ಸೂಕ್ಷ್ಮ ಇನ್ನೂ ಮುಂದಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದಾದರೆ ಬೆಂಕಿಯಿಂದ ಹೊಗೆಯನ್ನು ಊಹಿಸಬಹುದೇ? ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ, ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿ ಹೊಗೆಯಾಡಬೇಕಾದರೆ ಹಸಿ ಸೌದೆ ಬೇಕು. ಕಣ್ಣಿಗೆ ಬೀಳದೆ ಹಿಂದೆ ನಿಂತು ಸಂಬಂಧವನ್ನು ನಡೆಸುವ ಈ ಹಸಿ ಸೌದೆಯಂಥ ಷರತ್ತನ್ನು ಉಪಾಧಿ ಎಂದು ಕರೆದರು. ಇಂದಿನ ಸಂಖ್ಯಾಶಾಸ್ತ್ರಜ್ಞರು ಎರಡು ಸಂಗತಿಗಳ ಹಿಂದೆ ಅಡಗಿರುವ ಮೂರನೆಯ ಅಂಶವನ್ನು ಹುಡುಕುವಾಗ ಮಾಡುವ ಕೆಲಸ ಇದಕ್ಕೆ ಬಹಳ ಹತ್ತಿರ. ‘ಎಲ್ಲವೂ ನಮ್ಮಲ್ಲೇ ಮೊದಲು ಇತ್ತು’ ಎಂಬ ಹೆಮ್ಮೆಗೆ ಇದನ್ನು ಬಳಸಬೇಡಿ. ನೈಯಾಯಿಕರ ಬಳಿ ಅಳತೆಯ ಗಣಿತ ಇರಲಿಲ್ಲ. ಆದರೆ ಪ್ರಶ್ನೆಯನ್ನು ಅವರು ಸರಿಯಾಗಿ ಕೇಳಿದ್ದರು, ಅದು ಸಣ್ಣ ಸಂಗತಿಯಲ್ಲ.

ಕಂಡ ಕೆಲವನ್ನು ನೋಡಿ ಕಾಣದ ಎಲ್ಲದರ ಬಗ್ಗೆ ಮಾತನಾಡಲು ನಮಗೆ ಏನು ಅಧಿಕಾರ?

ಇದೇ ಅನುಗಮನದ ಸಮಸ್ಯೆ. ಕಣ್ಣಾರೆ ಕಂಡದ್ದನ್ನಷ್ಟೇ ನಂಬಿದ ಚಾರ್ವಾಕರು ಇದೇ ನೆಲೆಯಿಂದ ಅನುಮಾನ ಪ್ರಮಾಣವನ್ನೇ ತಳ್ಳಿಹಾಕಿದರು: ನೋಡಿದ ಅಡುಗೆಮನೆಗಳಲ್ಲಿ ಹೊಗೆಯ ಜೊತೆ ಬೆಂಕಿಯಿತ್ತು ಸರಿ, ನೋಡದ ಬೆಟ್ಟಗಳ ಮಾತು ನಿನಗೆ ಹೇಗೆ ಗೊತ್ತು? 1739ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದಕ್ಕೆ ಇನ್ನೂ ಹರಿತವಾದ ರೂಪ ಕೊಟ್ಟ. ‘ಇಲ್ಲಿಯವರೆಗೆ ಪ್ರಕೃತಿ ಒಂದೇ ರೀತಿ ನಡೆದುಕೊಂಡಿದೆ, ಆದ್ದರಿಂದ ಮುಂದೆಯೂ ಹಾಗೆಯೇ ನಡೆಯುತ್ತದೆ’ ಎಂದು ಉತ್ತರಿಸಿದರೆ ಯಾವುದನ್ನು ಸಾಧಿಸಬೇಕೋ ಅದನ್ನೇ ಆಧಾರವಾಗಿ ಇಟ್ಟುಕೊಂಡಂತೆ. ಶುದ್ಧ ತರ್ಕದಿಂದಲೂ ಇದು ಸಿದ್ಧಿಸದು, ಏಕೆಂದರೆ ನಾಳೆ ಪ್ರಕೃತಿ ಬದಲಾಗುತ್ತದೆ ಎಂಬ ಮಾತಿನಲ್ಲಿ ವಿರೋಧವೇನಿಲ್ಲ.

ಚಾರ್ವಾಕರ ಸಂಶಯಕ್ಕೆ ನೈಯಾಯಿಕ ಉದಯನ ಕೊಟ್ಟ ಉತ್ತರ ನನಗೆ ಬಹಳ ಪ್ರಿಯವಾದದ್ದು. ಸಂಶಯಕ್ಕೂ ಒಂದು ಗಡಿ ಇದೆ, ಸಂಶಯಿಸುವವನ ಸ್ವಂತ ನಡೆಯೇ ಆ ಸಂಶಯಕ್ಕೆ ವಿರುದ್ಧವಾಗುವ ಕಡೆ ಆ ಗಡಿ ಬರುತ್ತದೆ ಎಂದ. ಹೊಗೆಗೂ ಬೆಂಕಿಗೂ ಸಂಬಂಧವಿದೆಯೋ ಇಲ್ಲವೋ ಎಂದು ವಾದಿಸುವವನು, ಹೊಗೆ ಬೇಕಾದಾಗ ಬೆಂಕಿಯನ್ನೇ ಹಚ್ಚುತ್ತಾನೆ. ಅದ್ವೈತಿ ಶ್ರೀಹರ್ಷ ಇದನ್ನೂ ಒಪ್ಪಲಿಲ್ಲ. ಉದಯನನ ಶ್ಲೋಕದ ಮಾತುಗಳನ್ನೇ ಸ್ವಲ್ಪ ತಿರುವಿ, ವಿರೋಧವಿದೆ ಎಂದು ಗೊತ್ತಾಗಬೇಕಾದರೂ ಸಂಶಯ ಇರಲೇಬೇಕಲ್ಲ ಎಂದು ತಿರುಗಿಸಿ ಹೊಡೆದ. ಹಾಗಾದರೆ ಸಮಸ್ಯೆ ಬಗೆಹರಿದಿದೆಯೇ? ಎಲ್ಲರೂ ಒಪ್ಪುವ ಹಾಗೆ ಬಗೆಹರಿದಿಲ್ಲ. ವಿಜ್ಞಾನ ಅದನ್ನು ಬಗೆಹರಿಸಿಕೊಂಡು ಹೊರಟದ್ದಲ್ಲ, ಹೊತ್ತುಕೊಂಡೇ ನಡೆಯುತ್ತಿದೆ.

ತರ್ಕದ ನಿಯಮಗಳನ್ನು ಸಾಬೀತು ಮಾಡಿದವರು ಯಾರು?

ಯಾರೂ ಇಲ್ಲ. ಏಕಿಲ್ಲ ಎಂಬುದನ್ನು 1895ರಲ್ಲಿ ಲೂಯಿಸ್ ಕ್ಯಾರಲ್ ಬರೆದ ಪುಟ್ಟ ಸಂಭಾಷಣೆಯೊಂದು ಸೊಗಸಾಗಿ ತೋರಿಸುತ್ತದೆ. ಆಮೆ ಎರಡು ಮಾತುಗಳನ್ನು ಒಪ್ಪುತ್ತದೆ: ‘ಮಳೆ ಬಂದರೆ ನೆಲ ಒದ್ದೆ’ ಮತ್ತು ‘ಮಳೆ ಬಂದಿದೆ’ ಎಂದಿಟ್ಟುಕೊಳ್ಳೋಣ (ಕ್ಯಾರಲ್ ಬಳಸಿದ ಉದಾಹರಣೆ ರೇಖಾಗಣಿತದ್ದು). ‘ಹಾಗಾದರೆ ನೆಲ ಒದ್ದೆ ಎಂದು ಒಪ್ಪು’ ಎಂದು ಗ್ರೀಕ್ ಪುರಾಣದ ವೀರ ಅಕಿಲೀಸ್ ಹೇಳಿದಾಗ ಆಮೆ ಏಕೆ ಒಪ್ಪಬೇಕು ಎಂದು ಕೇಳುತ್ತದೆ. ‘ಆ ಎರಡು ಸತ್ಯವಾದರೆ ಇದೂ ಸತ್ಯ, ಅದಕ್ಕೆ’ ಎನ್ನುತ್ತಾನೆ. ‘ಓಹೋ, ಅದನ್ನು ಮೂರನೆಯ ಮಾತಾಗಿ ಬರೆದುಕೋ, ಅದನ್ನೂ ಒಪ್ಪುತ್ತೇನೆ. ಈಗ ಈ ಮೂರೂ ಸತ್ಯವಾದರೆ ನೆಲ ಒದ್ದೆ ಎಂದು ಏಕೆ ಒಪ್ಪಬೇಕು?’ ಅಕಿಲೀಸ್ ಬರೆದುಕೊಳ್ಳುವ ಪುಸ್ತಕ ತುಂಬುತ್ತಾ ಹೋಗುತ್ತದೆ, ತೀರ್ಮಾನ ಮಾತ್ರ ಬರುವುದಿಲ್ಲ.

ನಿಯಮವನ್ನು ಮತ್ತೊಂದು ಆಧಾರವಾಕ್ಯವಾಗಿ ಪಟ್ಟಿಗೆ ಸೇರಿಸಿದರೆ ಅದು ಕೆಲಸ ಮಾಡುವುದಿಲ್ಲ. ನಿಯಮ ಎಂದರೆ ನಡೆಯುವ ಬಗೆ. ದಾರಿಯ ನಕ್ಷೆಗೆ ಎಷ್ಟು ಗೆರೆ ಸೇರಿಸಿದರೂ ನಕ್ಷೆ ತಾನೇ ಹೆಜ್ಜೆ ಇಡುವುದಿಲ್ಲ.

ಗಣಿತವನ್ನಾದರೂ ಶುದ್ಧ ತರ್ಕದ ಮೇಲೆ ನಿಲ್ಲಿಸಲು ಆಯಿತೇ?

ಜರ್ಮನಿಯ ಗಾಟ್ಲಾಬ್ ಫ್ರೇಗೆ ಅದಕ್ಕಾಗಿಯೇ ಬದುಕನ್ನು ಮುಡಿಪಾಗಿಟ್ಟ. 1879ರಲ್ಲಿ ಅವನು ರೂಪಿಸಿದ ಸಂಕೇತಲಿಪಿಯಿಂದಲೇ ಆಧುನಿಕ ತರ್ಕಶಾಸ್ತ್ರ ಹುಟ್ಟಿತು ಎನ್ನಬಹುದು. ಅಂಕಗಣಿತವೆಲ್ಲ ತರ್ಕದಿಂದಲೇ ಹೊರಡುತ್ತದೆ ಎಂದು ತೋರಿಸುವ ಅವನ ಮಹಾಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿದ್ದಾಗ, 1902ರ ಜೂನ್‌ನಲ್ಲಿ, ಬರ್ಟ್ರಂಡ್ ರಸೆಲ್‌ನಿಂದ ಒಂದು ಪತ್ರ ಬಂತು. ಗೌರವದಿಂದ ಕೂಡಿದ, ಮೆಚ್ಚುಗೆ ತುಂಬಿದ ಪತ್ರ. ನಡುವೆ ಒಂದು ತೊಡಕು: ತಮ್ಮನ್ನು ತಾವೇ ಸದಸ್ಯರಾಗಿ ಹೊಂದಿರದ ಗಣಗಳೆಲ್ಲವನ್ನೂ ಸೇರಿಸಿ ಒಂದು ಗಣ ಮಾಡಿದರೆ, ಆ ಗಣ ತನಗೆ ತಾನೇ ಸದಸ್ಯನೇ? ಹೌದು ಎಂದರೆ ಅಲ್ಲ ಎಂದಾಗುತ್ತದೆ, ಅಲ್ಲ ಎಂದರೆ ಹೌದು ಎಂದಾಗುತ್ತದೆ.

ಫ್ರೇಗೆ ಪೆಟ್ಟಿನ ತೂಕವನ್ನು ತಕ್ಷಣ ಅರಿತ. ಕೆಲವೇ ದಿನಗಳಲ್ಲಿ ರಸೆಲ್‌ಗೆ ಉತ್ತರಿಸಿದ, 1903ರಲ್ಲಿ ಹೊರಬಂದ ಸಂಪುಟಕ್ಕೆ ಅನುಬಂಧವೊಂದನ್ನು ಸೇರಿಸಿ, ಕಟ್ಟಡ ಮುಗಿಯುವ ಹೊತ್ತಿಗೆ ಅಡಿಪಾಯವೇ ಅಲುಗಿದೆ ಎಂದು ತಾನೇ ಓದುಗರಿಗೆ ತಿಳಿಸಿದ. ದಶಕಗಳ ದುಡಿಮೆಯ ಎದುರು ಒಂದು ಪತ್ರ, ಅದನ್ನು ಮುಚ್ಚಿಡದೆ ಪುಸ್ತಕದಲ್ಲೇ ಅಚ್ಚು ಹಾಕಿಸಿದ ಮನುಷ್ಯ. ವಿಚಾರದ ಪ್ರಾಮಾಣಿಕತೆಗೆ ಒಂದು ಉದಾಹರಣೆ ಕೊಡಿ ಎಂದರೆ ನಾನು ಮೊದಲು ಹೇಳುವುದು ಇದನ್ನೇ.

ಅನಂತರ ಗಣಗಳ ಸಿದ್ಧಾಂತವನ್ನು ಎಚ್ಚರದಿಂದ ಮರಳಿ ಕಟ್ಟಲಾಯಿತು, ಇಂದಿನ ಗಣಿತ ಅದರ ಮೇಲೆ ನಿಂತಿದೆ. ಆದರೆ ಅದನ್ನು ‘ಶುದ್ಧ ತರ್ಕ’ ಎನ್ನಲು ಹೆಚ್ಚಿನವರು ಒಪ್ಪುವುದಿಲ್ಲ.

ಗೋಡೆಲ್ ಪ್ರಮೇಯದ ಪ್ರಕಾರ ಯಾವುದನ್ನೂ ಖಚಿತವಾಗಿ ತಿಳಿಯಲು ಆಗುವುದಿಲ್ಲವಂತೆ, ಹೌದೇ?

ತರ್ಕಶಾಸ್ತ್ರಜ್ಞ ಗೋಡೆಲ್ ಹಾಗೆ ಎಲ್ಲೂ ಹೇಳಲಿಲ್ಲ. 1931ರಲ್ಲಿ ಅವನು ಸಾಧಿಸಿದ್ದು ಇಷ್ಟು: ಅಂಕಗಣಿತವನ್ನು ಒಳಗೊಳ್ಳುವಷ್ಟು ಶಕ್ತಿಯಿರುವ, ತನ್ನೊಳಗೆ ವಿರೋಧವಿಲ್ಲದ, ಯಾವ ಸಾಧನೆ (ಪುರಾವೆ) ಸರಿ ಎಂದು ಯಾಂತ್ರಿಕವಾಗಿ ಪರಿಶೀಲಿಸಬಹುದಾದ ಯಾವುದೇ ಪದ್ಧತಿಯಲ್ಲಿ, ಸಾಧಿಸಲೂ ಅಲ್ಲಗಳೆಯಲೂ ಆಗದ ವಾಕ್ಯವೊಂದು ಇದ್ದೇ ಇರುತ್ತದೆ. ಅಂಥ ಪದ್ಧತಿ ತನ್ನಲ್ಲಿ ವಿರೋಧವಿಲ್ಲ ಎಂಬುದನ್ನು ತನ್ನೊಳಗಿನ ಸಾಧನಗಳಿಂದಲೇ ಸಾಧಿಸಲಾರದು. ಷರತ್ತುಗಳೆಲ್ಲ ಮುಖ್ಯ, ಒಂದನ್ನು ಬಿಟ್ಟರೂ ಪ್ರಮೇಯ ನಿಲ್ಲುವುದಿಲ್ಲ. ಸಮಾಜ, ಮನಸ್ಸು, ದೇವರು ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಇದೇ ಗೋಡೆಲ್ ಮೂಲ ಪರಿಮಾಣಕ ತರ್ಕದಲ್ಲಿ (‘ಎಲ್ಲ’, ‘ಕೆಲವು’ ಎಂಬ ಪದಗಳ ತರ್ಕದಲ್ಲಿ) ಸಿಂಧುವಾದ ಪ್ರತಿಯೊಂದಕ್ಕೂ ಸಾಧನೆ ಇದ್ದೇ ಇದೆ ಎಂಬ ಪೂರ್ಣತೆಯ ಪ್ರಮೇಯವನ್ನು 1930ರಲ್ಲಿ ಪ್ರಕಟಿಸಿದ್ದ. ಅದನ್ನು ಉಲ್ಲೇಖಿಸುವವರು ಕಡಿಮೆ.

ತರ್ಕ ಒಂದೇ ಅಥವಾ ಹಲವೇ?

ಒಂದು ಗಣಿತದ ಉದಾಹರಣೆ ನೋಡೋಣ. ಅಭಾಗಲಬ್ಧ ಸಂಖ್ಯೆಯೊಂದನ್ನು ಅಭಾಗಲಬ್ಧ ಘಾತಕ್ಕೆ ಏರಿಸಿದಾಗ ಭಾಗಲಬ್ಧ ಸಂಖ್ಯೆ ಬರಬಹುದೇ? √2 ಅನ್ನು √2 ಘಾತಕ್ಕೆ ಏರಿಸಿ. ಬಂದದ್ದು ಭಾಗಲಬ್ಧವಾದರೆ ಕೆಲಸ ಮುಗಿಯಿತು. ಅಲ್ಲವಾದರೆ ಬಂದದ್ದನ್ನೇ ಮತ್ತೆ √2 ಘಾತಕ್ಕೆ ಏರಿಸಿ, 2 ಬರುತ್ತದೆ, ಆಗಲೂ ಕೆಲಸ ಮುಗಿಯಿತು. ಎರಡರಲ್ಲಿ ಒಂದು ನಿಜವಾಗಲೇಬೇಕು, ಆದ್ದರಿಂದ ಉತ್ತರ ‘ಬರಬಹುದು’. ಆದರೆ ಯಾವ ಜೋಡಿ ಎಂದು ಈ ಸಾಧನೆ ಹೇಳಲಿಲ್ಲ! ಡಚ್ ಗಣಿತಜ್ಞ ಬ್ರೌವರ್ ಇಂಥ ಸಾಧನೆಗಳನ್ನು ಒಪ್ಪಲಿಲ್ಲ. ‘ಇದು ಅಥವಾ ಇದರ ನಿಷೇಧ’ ಎಂಬ ನಿಯಮವನ್ನು ಅನಂತದ ವಿಷಯದಲ್ಲಿ ಕಣ್ಣುಮುಚ್ಚಿ ಬಳಸಬಾರದು, ವಸ್ತು ಇದೆ ಎಂದರೆ ಅದನ್ನು ಕಟ್ಟಿ ತೋರಿಸಬೇಕು ಎಂದ. ಆ ನಿಲುವಿನಿಂದ ಬೆಳೆದ ತರ್ಕ ಇಂದು ಕಂಪ್ಯೂಟರ್ ಪ್ರೋಗ್ರಾಮುಗಳ ಸಿದ್ಧಾಂತದಲ್ಲಿ ನಿತ್ಯದ ಉಪಕರಣವಾಗಿದೆ. ಹಲವು ತರ್ಕಗಳಿವೆ, ಆದರೆ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು ಎಂದು ಇದರ ಅರ್ಥವಲ್ಲ. ಪ್ರತಿಯೊಂದೂ ತಾನು ಏನನ್ನು ಕಾಯುತ್ತೇನೆ ಎಂಬುದಕ್ಕೆ ಉತ್ತರ ಕೊಡಬೇಕು.

ಜೈನರ ಸ್ಯಾದ್ವಾದ ‘ಇದೆ’ ಮತ್ತು ‘ಇಲ್ಲ’ ಎರಡನ್ನೂ ಒಟ್ಟಿಗೆ ಒಪ್ಪುತ್ತದೆಯಲ್ಲ?

‘ಸ್ಯಾತ್’ (ಒಂದು ದೃಷ್ಟಿಯಿಂದ) ಎಂಬ ಪದವನ್ನು ಬಿಟ್ಟು ಓದಿದರೆ ಹಾಗೆ ಕಾಣುತ್ತದೆ. ಒಂದು ದೃಷ್ಟಿಯಿಂದ ಮಡಕೆ ಇದೆ, ಇನ್ನೊಂದು ದೃಷ್ಟಿಯಿಂದ ಇಲ್ಲ. ದೃಷ್ಟಿ ಬೇರೆಯಾದ ಮೇಲೆ ವಿರೋಧ ಎಲ್ಲಿ?

ವಿಜ್ಞಾನದ ಸಿದ್ಧಾಂತ ಎಂದಾದರೂ ಪೂರ್ತಿ ಸಾಬೀತಾಗುತ್ತದೆಯೇ?

ಗಣಿತದ ಪ್ರಮೇಯ ಸಾಬೀತಾಗುವ ಅರ್ಥದಲ್ಲಿ ಆಗುವುದಿಲ್ಲ. ‘ಸಿದ್ಧಾಂತ ನಿಜವಾದರೆ ಇದು ಕಾಣಬೇಕು, ಇದು ಕಂಡಿತು, ಆದ್ದರಿಂದ ಸಿದ್ಧಾಂತ ನಿಜ’ ಎಂಬುದು ನೆಲ ಒದ್ದೆಯಾಗಿರುವುದನ್ನು ನೋಡಿ ಮಳೆ ಬಂದಿದೆ ಎಂದಂತೆ, ಯಾರೋ ನೀರು ಚೆಲ್ಲಿರಬಹುದು. ‘ಇದು ಕಾಣಲಿಲ್ಲ, ಆದ್ದರಿಂದ ಸಿದ್ಧಾಂತ ತಪ್ಪು’ ಎಂಬ ಯುಕ್ತಿ ಮಾತ್ರ ಸಿಂಧು. 1934ರಲ್ಲಿ ತತ್ತ್ವಜ್ಞಾನಿ ಕಾರ್ಲ್ ಪಾಪರ್ ಈ ಅಸಮತೆಯನ್ನೇ ಹಿಡಿದು, ತಾನು ಸುಳ್ಳಾಗುವುದು ಯಾವಾಗ ಎಂದು ಹೇಳಬಲ್ಲ ಮಾತೇ ವೈಜ್ಞಾನಿಕ ಎಂದ. 1919ರ ಮೇ 29ರ ಸೂರ್ಯಗ್ರಹಣ ಅವನ ಮನಸ್ಸಿನಲ್ಲಿ ಆಳವಾಗಿ ಉಳಿದಿತ್ತು. ಸೂರ್ಯನ ಅಂಚಿನಲ್ಲಿ ಹಾದುಬರುವ ನಕ್ಷತ್ರದ ಬೆಳಕು ಸುಮಾರು 1.75 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಬಾಗಬೇಕು ಎಂದು ಐನ್‌ಸ್ಟೈನ್ ಮುಂಚೆಯೇ ಹೇಳಿದ್ದ, ನ್ಯೂಟನ್ನನ ಲೆಕ್ಕ ಅದರ ಅರ್ಧದಷ್ಟಿತ್ತು. ತಪ್ಪಾಗುವ ಅವಕಾಶ ಎಲ್ಲರ ಕಣ್ಣೆದುರಿಗಿತ್ತು.

‘ಅದು ಬರೀ ಥಿಯರಿ’ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ವಿಜ್ಞಾನದಲ್ಲಿ ಸಿದ್ಧಾಂತ ಎಂದರೆ ಹೊಳೆದ ಊಹೆಯಲ್ಲ. ತಪ್ಪಾಗಲು ಎಷ್ಟೋ ಅವಕಾಶ ಕೊಟ್ಟರೂ ಬೀಳದೆ ನಿಂತದ್ದಕ್ಕೆ ಆ ಹೆಸರು ಸಲ್ಲುತ್ತದೆ.

ಹಾಗಾದರೆ ಒಂದು ಪ್ರಯೋಗ ಎದುರಾದ ತಕ್ಷಣ ಸಿದ್ಧಾಂತವನ್ನು ಬಿಟ್ಟುಬಿಡಬೇಕೇ?

ಇಲ್ಲಿ ಪಾಪರನ ಸರಳ ಚಿತ್ರ ಸಾಲದು. ಒಂದೇ ಮನುಷ್ಯನ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಯುರೇನಸ್ ಗ್ರಹ ನ್ಯೂಟನ್ನನ ನಿಯಮ ಹೇಳಿದ ದಾರಿಯಲ್ಲಿ ನಡೆಯುತ್ತಿರಲಿಲ್ಲ. ನಿಯಮ ತಪ್ಪು ಎನ್ನಬಹುದಿತ್ತು. ಫ್ರಾನ್ಸಿನ ಲ ವೆರಿಯೆ ಹಾಗೆನ್ನದೆ, ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದು ಊಹಿಸಿ ಅದು ಎಲ್ಲಿರಬೇಕೆಂದು ಲೆಕ್ಕ ಹಾಕಿದ (ಇಂಗ್ಲೆಂಡಿನಲ್ಲಿ ಆ್ಯಡಮ್ಸ್ ಕೂಡ ಇದೇ ಕೆಲಸದಲ್ಲಿದ್ದ). ಅವನ ಪತ್ರ 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ವೀಕ್ಷಣಾಲಯದ ಗಾಲೆಯ ಕೈಸೇರಿತು. ಅಂದು ರಾತ್ರಿಯೇ ಗಾಲೆ ದೂರದರ್ಶಕದ ಮುಂದೆ ಕೂತು ಕಂಡ ನಕ್ಷತ್ರಗಳ ಸ್ಥಾನವನ್ನು ಒಂದೊಂದಾಗಿ ಕೂಗಿ ಹೇಳಿದ. ವಿದ್ಯಾರ್ಥಿ ದಾರೆಸ್ಟ್ ನಕ್ಷೆ ಹಿಡಿದು ಒಂದೊಂದನ್ನೇ ಹೋಲಿಸುತ್ತಾ ಹೋದ. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ, ಒಂದು ಚುಕ್ಕೆ ನಕ್ಷೆಯಲ್ಲಿ ಇರಲಿಲ್ಲ. ಲ ವೆರಿಯೆ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಇದ್ದ ಆ ಚುಕ್ಕೆಯೇ ನೆಪ್ಚೂನ್.

ಮುಂದೆ ಬುಧ ಗ್ರಹದ ಕಕ್ಷೆಯಲ್ಲೂ ಸಣ್ಣ ವ್ಯತ್ಯಾಸ ಕಂಡಿತು. ಲ ವೆರಿಯೆ 1859ರಲ್ಲಿ ಅದೇ ಜಾಣ್ಮೆಯನ್ನು ಮತ್ತೆ ಬಳಸಿದ, ಬುಧನಿಗಿಂತ ಒಳಗೆ ಏನೋ ಇರಬೇಕು. ಅದಕ್ಕೆ ವಲ್ಕನ್ ಎಂದು ಹೆಸರೂ ಬಿತ್ತು, ಕಂಡೆವು ಎಂದವರೂ ಇದ್ದರು. 1877ರಲ್ಲಿ ತೀರಿಕೊಳ್ಳುವವರೆಗೂ ಲ ವೆರಿಯೆ ಅದನ್ನು ನಂಬಿದ್ದ. ವಲ್ಕನ್ ಎಂಬ ಗ್ರಹ ಇಲ್ಲ. ಶತಮಾನಕ್ಕೆ 43 ಆರ್ಕ್ ಸೆಕೆಂಡಿನ ಆ ವ್ಯತ್ಯಾಸವನ್ನು 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ವಿವರಿಸಿದ, ಈ ಸಲ ಬದಲಾಗಬೇಕಿದ್ದದ್ದು ನ್ಯೂಟನ್ನನ ನಿಯಮವೇ.

ಎರಡು ಸಂದರ್ಭಗಳಲ್ಲೂ ತರ್ಕ ಒಂದೇ, ಹೆಜ್ಜೆ ಒಂದೇ, ಮನುಷ್ಯನೂ ಒಬ್ಬನೇ. ಫ್ರಾನ್ಸಿನವನೇ ಆದ ಪಿಯೆರ್ ದ್ಯುಹೆಮ್ ಮುಂದೆ ಹೇಳಿದ ಹಾಗೆ, ಪ್ರಯೋಗ ಎಂದೂ ಒಂದೇ ಊಹೆಯನ್ನು ಒಂಟಿಯಾಗಿ ಪರೀಕ್ಷಿಸುವುದಿಲ್ಲ. ಊಹೆಗಳ ಗುಂಪಿನಲ್ಲಿ ಎಲ್ಲೋ ತಪ್ಪಿದೆ ಎಂದಷ್ಟೇ ಅದು ಹೇಳುತ್ತದೆ, ಬೆರಳು ತೋರಿಸಿ ಇದೇ ಎನ್ನುವುದಿಲ್ಲ. ಹಾಗಾದರೆ ಸಿದ್ಧಾಂತವನ್ನು ಉಳಿಸಿಕೊಳ್ಳುವ ಪ್ರಯತ್ನ ಯಾವಾಗ ಮರ್ಯಾದೆಯದು, ಯಾವಾಗ ಮೊಂಡುತನ? ತತ್ತ್ವಜ್ಞಾನಿ ಇಮ್ರೆ ಲಕತೋಸ್ ಕೊಟ್ಟ ಅಳತೆಗೋಲು ನನಗೆ ಒಪ್ಪಿಗೆ. ಉಳಿಸಲು ಸೇರಿಸಿದ ಹೊಸ ಊಹೆ ತಾನೂ ಪರೀಕ್ಷೆಗೆ ಒಡ್ಡಿಕೊಂಡು ಹೊಸದೇನನ್ನಾದರೂ ಮುಂಚೆಯೇ ಹೇಳುತ್ತದೆಯೇ ನೋಡಿ. ‘ಈ ರಾತ್ರಿ, ಆಕಾಶದ ಈ ಮೂಲೆಯಲ್ಲಿ ನೋಡಿ’ ಎನ್ನುವುದು ಮರ್ಯಾದೆಯ ಮಾತು.

2011ರಲ್ಲಿ ನ್ಯೂಟ್ರಿನೊಗಳು ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ಬಂದವು ಎಂದು ಒಪೆರಾ ಪ್ರಯೋಗದ ತಂಡ ವರದಿ ಮಾಡಿ, ತಪ್ಪಿದ್ದರೆ ಹುಡುಕಿ ಎಂದು ಎಲ್ಲರನ್ನೂ ಕೇಳಿಕೊಂಡಾಗ ಭೌತಶಾಸ್ತ್ರಜ್ಞರು ಸಾಪೇಕ್ಷತಾ ಸಿದ್ಧಾಂತವನ್ನು ಕೈಬಿಡಲಿಲ್ಲ. ಮುಂದಿನ ವರ್ಷ ಸರಿಯಾಗಿ ಕೂರದ ಫೈಬರ್ ಆಪ್ಟಿಕ್ ಕೇಬಲ್ ಒಂದು ಸಿಕ್ಕಿತು, ತಪ್ಪು ಅಳತೆಯಲ್ಲೇ ಇತ್ತು.

ಎರಡು ಸಂಗತಿಗಳು ಜೊತೆಯಾಗಿ ಬಂದರೆ ಒಂದು ಇನ್ನೊಂದಕ್ಕೆ ಕಾರಣವೇ?

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಆ ಎಚ್ಚರ ಬೇಕು. ಆದರೆ ಎಚ್ಚರದಲ್ಲೇ ನಿಂತುಬಿಟ್ಟರೆ ಯಾವ ಕಾರಣವೂ ಸಿಗುವುದಿಲ್ಲ. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ಮೊದಲನೆಯದರಲ್ಲಿ ಬಾಣಂತಿ ಜ್ವರದಿಂದ ಸಾಯುವವರು, ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯದಕ್ಕಿಂತ ಬಹಳ ಹೆಚ್ಚು. ಅಲ್ಲಿನ ವೈದ್ಯ ಇಗ್ನಾಜ್ ಸೆಮೆಲ್ವೈಸ್ ಒಂದೊಂದೇ ಊಹೆಯನ್ನು ಎತ್ತಿ ನೋಡಿದ. ಜನಜಂಗುಳಿಯೇ? ಎರಡನೆಯ ವಿಭಾಗವೇ ಹೆಚ್ಚು ತುಂಬಿರುತ್ತಿತ್ತು. ಗಂಟೆ ಬಾರಿಸುತ್ತಾ ಹೋಗುವ ಪಾದ್ರಿಯ ಭಯವೇ? ದಾರಿ ಬದಲಿಸಿ ಗಂಟೆ ನಿಲ್ಲಿಸಿದರೂ ಸಾವು ನಿಲ್ಲಲಿಲ್ಲ. 1847ರಲ್ಲಿ ಅವನ ಸಹೋದ್ಯೋಗಿಯೊಬ್ಬ ಶವಪರೀಕ್ಷೆಯ ಚಾಕು ತಗುಲಿ ಅದೇ ಲಕ್ಷಣಗಳಿಂದ ಸತ್ತ. ವಿದ್ಯಾರ್ಥಿಗಳು ಶವಗಳಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು, ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಮೇ ತಿಂಗಳಿನಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಕಾರಣವನ್ನು ಹಿಡಿಯುವುದು ಹೀಗೆ: ನೋಡುತ್ತಾ ಕೂರದೆ ಒಂದನ್ನು ಬದಲಿಸಿ, ಉಳಿದವನ್ನು ಹಾಗೆಯೇ ಬಿಟ್ಟು, ಏನಾಗುತ್ತದೆಂದು ಕಾಯುವುದು. ರೋಗಾಣು ಸಿದ್ಧಾಂತ ಇನ್ನೂ ಬಂದಿರಲಿಲ್ಲ, ಏಕೆ ಹೀಗಾಗುತ್ತದೆ ಎಂಬುದಕ್ಕೆ ಸೆಮೆಲ್ವೈಸ್ ಕೊಟ್ಟ ವಿವರಣೆ ಅಪೂರ್ಣವಾಗಿತ್ತು. ಹಲವು ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಆ ಅಂಕಿಗಳ ಹಿಂದೆ ಇದ್ದದ್ದು ತಾಯಂದಿರು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಬಿಳಿ ಚಪ್ಪಲಿ ನೋಡಿದರೆ ‘ಕಾಗೆಗಳೆಲ್ಲ ಕಪ್ಪು’ ಎಂಬುದಕ್ಕೆ ಪುಷ್ಟಿ ಸಿಗುತ್ತದೆಯಂತೆ. ಇದೇನು ವಿಚಿತ್ರ?

ಇದು ತತ್ತ್ವಜ್ಞಾನಿ ಕಾರ್ಲ್ ಹೆಂಪೆಲ್ ಎತ್ತಿದ ತೊಡಕು. ‘ಕಾಗೆಗಳೆಲ್ಲ ಕಪ್ಪು’ ಎಂಬುದೂ ‘ಕಪ್ಪಲ್ಲದ್ದು ಯಾವುದೂ ಕಾಗೆಯಲ್ಲ’ ಎಂಬುದೂ ತರ್ಕದಲ್ಲಿ ಒಂದೇ. ಬಿಳಿ ಚಪ್ಪಲಿ ಎರಡನೆಯದಕ್ಕೆ ಉದಾಹರಣೆ, ಆದ್ದರಿಂದ ಮೊದಲನೆಯದಕ್ಕೂ ಪುಷ್ಟಿ. ಪುಷ್ಟಿ ಸಿಗುತ್ತದೆ, ಆದರೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಏಕೆಂದರೆ ಕಪ್ಪಲ್ಲದ ವಸ್ತುಗಳು ಲೋಕದಲ್ಲಿ ಅಪಾರ ಎಂಬುದು ಹಲವರ ಉತ್ತರ. ನನಗೆ ಕಾಣುವ ತಿರುಳು ಬೇರೆ. ಚಪ್ಪಲಿಯನ್ನು ನೋಡುವಾಗ ‘ಕಾಗೆಗಳೆಲ್ಲ ಕಪ್ಪು’ ಎಂಬ ಮಾತಿಗೆ ಯಾವ ಅಪಾಯವೂ ಇರಲಿಲ್ಲ. ಕಾಗೆಯೊಂದನ್ನು ಹಿಡಿದು ಬಣ್ಣ ನೋಡುವಾಗ ಇರುತ್ತದೆ.

ನಾವು ಸಹಜವಾಗಿಯೇ ತರ್ಕಬದ್ಧವಾಗಿ ಯೋಚಿಸುತ್ತೇವೆಯೇ?

ನೀವೇ ಪರೀಕ್ಷಿಸಿಕೊಳ್ಳಿ. ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ, ಪ್ರತಿಯೊಂದಕ್ಕೂ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ಕಾಣುವ ಮುಖಗಳು: ಅ, ಕ, 4, 7. ‘ಒಂದು ಕಡೆ ಸ್ವರವಿದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರುತ್ತದೆ’ ಎಂಬ ನಿಯಮ ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು?

ಬಹುತೇಕರು ‘ಅ’ ಮತ್ತು ‘4’ ಎನ್ನುತ್ತಾರೆ. ‘4’ ತಿರುಗಿಸಿ ಪ್ರಯೋಜನವಿಲ್ಲ, ಹಿಂದೆ ಸ್ವರವಿದ್ದರೂ ವ್ಯಂಜನವಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ. ತಿರುಗಿಸಬೇಕಾದದ್ದು ‘7’, ಅದರ ಹಿಂದೆ ಸ್ವರ ಸಿಕ್ಕರೆ ನಿಯಮ ಮುರಿಯಿತು. 1960ರ ದಶಕದಲ್ಲಿ ಪೀಟರ್ ವೇಸನ್ ಎಂಬ ಮನೋವಿಜ್ಞಾನಿ ಇಂಥ ಕಾರ್ಡುಗಳನ್ನು ಮುಂದಿಟ್ಟಾಗ ಸರಿಯಾಗಿ ಉತ್ತರಿಸಿದವರು ತೀರಾ ಕೆಲವರು. ಅದೇ ಒಗಟನ್ನು ‘ಮದ್ಯ ಕುಡಿಯುತ್ತಿರುವವರಿಗೆ ನಿಗದಿತ ವಯಸ್ಸಾಗಿರಬೇಕು’ ಎಂಬಂಥ ನಿಯಮವಾಗಿ ಕೇಳಿದರೆ ಹೆಚ್ಚಿನವರು ಸರಿಯಾಗಿ ಉತ್ತರಿಸುತ್ತಾರೆ. ಮೋಸ ಮಾಡುವ ಇನ್ನೊಬ್ಬರನ್ನು ಹುಡುಕುವುದು ನಮಗೆ ಸುಲಭ. ನಮ್ಮ ನಂಬಿಕೆಯನ್ನು ಮುರಿಯಬಲ್ಲ ಕಾರ್ಡನ್ನು ಹುಡುಕುವುದು ಕಲಿತು ಮಾಡಬೇಕಾದ ಕೆಲಸ.

ವಿಜ್ಞಾನಿಗಳೂ ಮನುಷ್ಯರೇ ತಾನೆ? ಅವರ ಫಲಿತಾಂಶಗಳನ್ನು ಏಕೆ ನಂಬಬೇಕು?

ಒಬ್ಬೊಬ್ಬರನ್ನೇ ನಂಬಬೇಕಿಲ್ಲ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ವರದಿ ಪ್ರಕಟವಾಯಿತು. ಮೂಲದಲ್ಲಿ ನೂರಕ್ಕೆ 97ರಷ್ಟು ‘ಗಮನಾರ್ಹ’ ಫಲಿತಾಂಶ ಕೊಟ್ಟಿದ್ದವು, ಮರುಪ್ರಯೋಗದಲ್ಲಿ ಹಾಗೆ ಬಂದದ್ದು 36ರಷ್ಟು. ಕಾರಣ ಹೆಚ್ಚಾಗಿ ಮೋಸವಲ್ಲ. ಅಂಕಿಗಳು ಕೈಗೆ ಬಂದ ಮೇಲೆ ಯಾವ ಪ್ರಶ್ನೆ ಕೇಳಬೇಕೆಂದು ತೀರ್ಮಾನಿಸಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಗೋಡೆಗೆ ಬಾಣ ಹೊಡೆದು ಆಮೇಲೆ ಅದರ ಸುತ್ತ ವೃತ್ತ ಬರೆದಂತೆ. ಈಗ ಹಲವು ಕ್ಷೇತ್ರಗಳಲ್ಲಿ ಪ್ರಶ್ನೆ, ಅಳತೆ, ಲೆಕ್ಕ ಹಾಕುವ ಬಗೆ ಎಲ್ಲವನ್ನೂ ಅಧ್ಯಯನಕ್ಕೆ ಮೊದಲೇ ನೋಂದಾಯಿಸುವ ಪದ್ಧತಿ ಬೆಳೆಯುತ್ತಿದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ತೋಚುವುದಿಲ್ಲ.

ಥಾಮಸ್ ಕೂನ್ ‘ವಿಜ್ಞಾನ ಬರೀ ಒಪ್ಪಂದ’ ಎಂದು ತೋರಿಸಿದ್ದಾನಲ್ಲವೇ?

ವಿಜ್ಞಾನದ ಇತಿಹಾಸಕಾರನಾದ ಅವನು 1962ರ ಪುಸ್ತಕದಲ್ಲಿ ಹೇಳಿದ್ದು, ವಿಜ್ಞಾನಿಗಳು ಹೆಚ್ಚಿನ ಕಾಲ ಒಂದು ಚೌಕಟ್ಟಿನೊಳಗೆ ಒಗಟು ಬಿಡಿಸುತ್ತಿರುತ್ತಾರೆ, ಬಗೆಹರಿಯದ ತೊಡಕುಗಳು ಕೂಡುತ್ತಾ ಹೋದಾಗ ಚೌಕಟ್ಟೇ ಬದಲಾಗುತ್ತದೆ, ಆಗ ಹಳೆಯ ಮತ್ತು ಹೊಸ ಚೌಕಟ್ಟನ್ನು ಅಳೆಯಲು ಒಂದೇ ಕೋಲು ಇರುವುದಿಲ್ಲ ಎಂದು. ಇದರಲ್ಲಿ ಇತಿಹಾಸದ ದೊಡ್ಡ ಸತ್ಯವಿದೆ. ಆದರೆ ಯಾವ ಚೌಕಟ್ಟನ್ನು ಬೇಕಾದರೂ ಆರಿಸಬಹುದು ಎಂದು ಅವನು ಹೇಳಲಿಲ್ಲ. ನಿಖರತೆ, ಸಂಗತತೆ, ವ್ಯಾಪಕತೆ, ಸರಳತೆ, ಫಲವಂತಿಕೆ ಎಂಬ ಐದು ಗುಣಗಳನ್ನು ಮುಂದೆ ಅವನೇ ಪಟ್ಟಿ ಮಾಡಿದ. ಬುಧನ ಆ 43 ಆರ್ಕ್ ಸೆಕೆಂಡುಗಳು ಯಾರ ಒಪ್ಪಂದಕ್ಕೂ ಕಾಯಲಿಲ್ಲ.

ಪ್ರಯೋಗ ತರ್ಕವನ್ನೇ ಬದಲಿಸಬಹುದೇ?

1936ರಲ್ಲಿ ಗಣಿತಜ್ಞರಾದ ಬರ್ಕಾಫ್ ಮತ್ತು ಫಾನ್ ನಾಯ್ಮನ್ ಪರಮಾಣುಗಳ ಮಟ್ಟದ ಕ್ವಾಂಟಂ ಲೋಕದ ಮಾತುಗಳಿಗೆ ಬೇರೆಯದೇ ತರ್ಕ ಹೊಂದುತ್ತದೆ ಎಂದು ತೋರಿಸಿದರು. ‘ಮತ್ತು’, ‘ಅಥವಾ’ ಎಂಬ ಪದಗಳನ್ನು ಒಂದರೊಳಗೊಂದು ಹಂಚುವ ನಮ್ಮ ಪರಿಚಿತ ನಿಯಮ ಅದರಲ್ಲಿ ನಡೆಯುವುದಿಲ್ಲ. 1951ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಕ್ವೈನ್, ನಮ್ಮ ಜ್ಞಾನವೆಲ್ಲ ಒಂದು ಬಲೆಯಂತೆ, ಅದರ ನಡುವಿರುವ ತರ್ಕವೂ ತಿದ್ದುಪಡಿಗೆ ಹೊರತಲ್ಲ ಎಂದು ವಾದಿಸಿದ. ಹಾಗೆ ತಿದ್ದಬೇಕೆಂದು ತೀರ್ಮಾನಿಸಲು ಯಾವ ತರ್ಕವನ್ನು ಬಳಸುತ್ತೀರಿ ಎಂಬುದು ಎದುರಾಳಿಗಳ ಪ್ರಶ್ನೆ. ಪ್ರಯೋಗಶಾಲೆಗಳಲ್ಲಿ ಕ್ವಾಂಟಂ ಲೆಕ್ಕ ಮಾಡುವವರು ಇಂದಿಗೂ ತಮ್ಮ ಪ್ರಮೇಯಗಳನ್ನು ಹಳೆಯ ತರ್ಕದಿಂದಲೇ ಸಾಧಿಸುತ್ತಾರೆ. ಕ್ವೈನ್‌ನ ಮಾತನ್ನು ನಾನು ಅರ್ಧ ಒಪ್ಪುತ್ತೇನೆ: ಯಾವ ನಿಯಮವನ್ನೂ ಪ್ರಶ್ನಿಸಬಹುದು, ಎಲ್ಲವನ್ನೂ ಒಟ್ಟಿಗೆ ಪ್ರಶ್ನಿಸಲು ಆಗದು. ಉಳಿದ ಅರ್ಧದ ಚರ್ಚೆ ಇನ್ನೂ ನಡೆದಿದೆ, ಅಲ್ಲಿ ಕ್ಯಾರಲ್‌ನ ಆಮೆ ತನ್ನ ಮುಂದಿನ ಪ್ರಶ್ನೆ ಹಿಡಿದು ಕಾದಿದೆ.